ನಲವತ್ತು ಪೊರೆಗಳ ಕಾವಲು

ಒಂದು ಕಾಡಿನಂಚಿನಲ್ಲಿ ಒಂದು ಹೊಂಡವಿತ್ತು. ಹೊಂಡದ ದಡದಲ್ಲಿ ಒಂದು ಕಾಡುಬದನೆ ಗಿಡ. ಆ ಗಿಡದ ಎಲೆಯಡಿಯಲ್ಲಿ ಒಂದು ತಿಗಣೆ ಸಂಸಾರ.

ತಿಗಣೆ ಎಂದ ಕೂಡಲೇ ಹಾಸಿಗೆ ಕೊಡವಲು ಏಳಬೇಡಿ ಮಕ್ಕಳೇ, ಕೂತುಕೊಳ್ಳಿ. ಇವು ಮಂಚದ ತಿಗಣೆಗಳಲ್ಲ, ಎಲೆಯ ತಿಗಣೆಗಳು. ಎಳ್ಳುಕಾಳಿನಷ್ಟು ಗಾತ್ರ. ದೊಡ್ಡವಕ್ಕೆ ಬೆನ್ನ ಮೇಲೆ ಬಲೆ ನೇಯ್ದಂಥ ರೆಕ್ಕೆ. ಯಾವ ಮದುಮಗಳ ಸೆರಗಿಗೂ ಅಂಥ ಜಾಲರಿ ಇರಲಿಕ್ಕಿಲ್ಲ. ಅದಕ್ಕೇ ಅವನ್ನು ಜಾಲರಿ ತಿಗಣೆ ಎನ್ನೋಣ. ಮರಿಗಳಿಗೆ ಮಾತ್ರ ರೆಕ್ಕೆಯಿಲ್ಲ, ಮೈತುಂಬ ಮುಳ್ಳು. ಹಾವಿನ ಹಾಗೆ ಐದು ಸಲ ಪೊರೆ ಕಳಚಬೇಕು, ಆಮೇಲೆ ರೆಕ್ಕೆ. ಅಲ್ಲಿಯವರೆಗೆ ಎಲ್ಲಿಗೆ ಹೋಗುವುದಿದ್ದರೂ ಕಾಲ್ನಡಿಗೆಯೇ ಗತಿ.

ಇನ್ನೊಂದು ಸಂಗತಿ. ಬದನೆಯಲ್ಲಿ ಹುಟ್ಟಿದ ಈ ತಿಗಣೆಗಳು ಬದನೆಯ ರಸವನ್ನೇ ಕುಡಿಯಬೇಕು. ಪಕ್ಕದ ಜೊಂಡಿನ ರಸ ಒಗ್ಗದು, ಎದುರಿನ ತುಂಬೆಯ ರಸ ಗಂಟಲಲ್ಲಿ ಇಳಿಯದು. ಮನೆಯೂ ಬದನೆ, ಅಡುಗೆಮನೆಯೂ ಬದನೆ. ಆ ಗಿಡಕ್ಕೆ ಅವರೆಲ್ಲ ಬದನಕ್ಕ ಎನ್ನುತ್ತಿದ್ದರು.

ಸಂಸಾರದ ಒಡತಿ ಜಾಲಮ್ಮ. ಅವಳಿಗೆ ನಲವತ್ತು ಮಕ್ಕಳು. ನಲವತ್ತನ್ನು ಸಾಕುವುದೆಂದರೆ ಹುಡುಗಾಟವೇ? ಅವಳು ಒಂದು ಪದ್ಧತಿ ಮಾಡಿಕೊಂಡಿದ್ದಳು. ಎಲೆಯೊಳಗೆ ಬರಲು ರಾಜಮಾರ್ಗ ಒಂದೇ, ಅದರ ತೊಟ್ಟು. ಜಾಲಮ್ಮ ಆ ತೊಟ್ಟಿನ ಮೇಲೆ ಹೊರಗಡೆಗೆ ಮುಖ ಮಾಡಿ ನಿಂತುಬಿಡುವಳು. ಶತ್ರು ಬಂದರೆ ಅವಳನ್ನು ದಾಟಿಯೇ ಬರಬೇಕು. ಮಕ್ಕಳು ಅವಳ ಬೆನ್ನ ಹಿಂದೆ, ಎಲೆಯಡಿಯಲ್ಲಿ ಸುತ್ತಾಗಿ ಕೂತು ರಸ ಹೀರುವರು. ಆಗಾಗ ಅವಳು ತಿರುಗಿ ನೋಡದೆ ಹಿಂಗಾಲು ಚಾಚಿ ಹತ್ತಿರ ಕೂತವನನ್ನು ತಟ್ಟುವಳು. ಇದ್ದಾನೆ. ಸರಿ.

ಹತ್ತಿರ ಕೂತವನು ಯಾವಾಗಲೂ ಮುಳ್ಳ. ಪ್ರೀತಿಗೆ ಅಲ್ಲ, ಭಯಕ್ಕೆ! ಅವನನ್ನು ದೂರ ಕೂರಿಸಿದರೆ ಏನು ಮಾಡುತ್ತಾನೋ ಅಂತ.

ಮುಳ್ಳ ಅಮ್ಮ ಹೇಳಿದ್ದಕ್ಕೆಲ್ಲ "ಹೂಂ" ಅನ್ನುವನು. ಆ ಹೂಂ ಬಾಯಿಂದ ಹೊರಗೆ ಬೀಳುವಷ್ಟರಲ್ಲಿ ಅವನ ತಲೆ ಇನ್ನೊಂದು ಕಡೆ ಓಡಿರುತ್ತಿತ್ತು. ತಮ್ಮಂದಿರ ಮೀಸೆಗೆ ಮೀಸೆ ಗಂಟು ಹಾಕುವುದು, ಮಲಗಿದವರನ್ನು "ಇರುವೆ ಬಂತು" ಎಂದು ಎಬ್ಬಿಸುವುದು, ಯಾರು ಮಾತಾಡಿದರೂ ಅವರ ಧ್ವನಿಯಲ್ಲೇ ಅಣಕಿಸುವುದು, ಇವು ಅವನ ಕಸುಬು. ನಗುವವರು ಮೂವತ್ತೊಂಬತ್ತು ಜನ ಹಿಂದೆಯೇ ಇದ್ದರೆ ಯಾರು ತಾನೇ ಸುಮ್ಮನಿರುತ್ತಾರೆ ಹೇಳಿ?

ಜಾಲಮ್ಮನಿಗೆ ಎರಡು ಕಟ್ಟುಪಾಡು. ಯಾವ ಎಲೆಯಲ್ಲೂ ಎರಡು ದಿನಕ್ಕಿಂತ ಹೆಚ್ಚು ಕೂರಬಾರದು. ಕೂತರೂ ಕೆಳಗಿನ ಹಳೆಯ ಎಲೆಗಳಲ್ಲೇ ಕೂರಬೇಕು. ಹೂವಿನ ಪಕ್ಕದ ಎಳೆಯ ಎಲೆಯ ತಂಟೆಗೆ ಹೋಗಲೇಬಾರದು.

"ಅದ್ಯಾಕಮ್ಮ?" ಎಂದು ಮುಳ್ಳ ಒಮ್ಮೆ ಕೇಳಿದ್ದ.

"ಹೂವಿಗೆ ಅನ್ನ ಹಾಕೋದು ಆ ಎಲೆ ಕಣೋ. ಬದನಕ್ಕನ ಮಗುವಿನ ತಟ್ಟೆ ಅದು. ಅದಕ್ಕೆ ಕೈ ಹಾಕ್ತೀಯಾ?"

"ಒಂದೇ ಒಂದು ಗುಟುಕು?"

"ಮುಳ್ಳ!"

"ಹೂಂ," ಎಂದ ಮುಳ್ಳ.

ಬದನಕ್ಕನೂ ಆಗಾಗ ಮೆಲ್ಲಗೆ ಹೇಳುವಳು, "ಮಕ್ಕಳೇ, ಈ ಎಲೆಯಲ್ಲಿ ಸಾಕು. ಮೇಲೆ ಬೆಳ್ಳಗಾಗ್ತಾ ಇದೆ. ಮುಂದಿನ ಎಲೆಗೆ ನಡೀರಿ."

ಅಷ್ಟು ಸಾಕಾಗುತ್ತಿತ್ತು ಮುಳ್ಳನಿಗೆ. ಸೊಂಟದ ಮೇಲೆ ಎರಡು ಕಾಲಿಟ್ಟು, ಬದನಕ್ಕನ ಧ್ವನಿಯಲ್ಲೇ, "ಅಯ್ಯೋ, ಬೆಳ್ಳಗಾದೆನಲ್ರೋ! ಯಾರಾದ್ರೂ ಒಂದಿಷ್ಟು ಅರಿಸಿನ ಹಚ್ರೋ!" ಎನ್ನುವನು. ಎಲೆಯಡಿಯಲ್ಲಿ ನಗುವೋ ನಗು.

ಬದನಕ್ಕನನ್ನು ನೋಯಿಸಬೇಕೆಂದು ಅವನು ಹಾಗೆ ಮಾಡುತ್ತಿರಲಿಲ್ಲ. ಬದನಕ್ಕ ನಾಟಕವಾಡುತ್ತಾಳೆ ಎಂದೇ ಅವನು ನಂಬಿದ್ದ. ಅವನು ಎಲೆಯಡಿ ಹುಟ್ಟಿದವನು, ಎಲೆಯಡಿ ಉಂಡು ಎಲೆಯಡಿ ಮಲಗುವವನು. ಎಲೆಯ ಮೇಲ್ಮೈ ಹೇಗಿರುತ್ತದೆ ಎಂದು ಒಂದು ದಿನವೂ ಕಂಡವನಲ್ಲ. ಬದನೆ ಎಲೆಯ ಅಡಿಯಾದರೋ ಮೊದಲೇ ಬೂದು ಬಣ್ಣ, ಅದರ ತುಂಬ ನವಿರು, ಅಂದರೆ ಸಣ್ಣ ಕೂದಲು. ಹೀರುವ ಮೊದಲೂ ಬೂದು, ಹೀರಿದ ಮೇಲೂ ಬೂದು. "ಎಲ್ಲಿ ಬೆಳ್ಳಗಾಗಿದೆ ತೋರಿಸಿ ನೋಡೋಣ?" ಎಂದರೆ ತೋರಿಸುವವರು ಯಾರು?

ಹೀಗಿರುವಾಗ ನಲವತ್ತೂ ಮಕ್ಕಳು ಕೆಳಗಿನ ಒಂದು ಎಲೆಯಲ್ಲಿ ನಾಲ್ಕನೆಯ ಪೊರೆ ಕಳಚಿದರು. ಇನ್ನೊಂದು ಬಾಕಿ. ಅದೂ ಆದರೆ ರೆಕ್ಕೆ!

ಪೊರೆಯಿಂದ ಹೊರಗೆ ಬಂದ ಮುಳ್ಳ ಹಿಂತಿರುಗಿ ನೋಡಿದ. ನಲವತ್ತು ಖಾಲಿ ಪೊರೆಗಳು ಎಲೆಯ ನವಿರಿಗೆ ಕಚ್ಚಿಕೊಂಡು, ಕೂತಲ್ಲೇ ಸುತ್ತಾಗಿ ಕೂತಿದ್ದವು. ಮುಳ್ಳೂ ಹಾಗೇ, ಮೀಸೆಯೂ ಹಾಗೇ. ಒಳಗೆ ಯಾರೂ ಇಲ್ಲ ಅನ್ನೋದೊಂದು ಬಿಟ್ಟರೆ ಬೇರೆ ಕೊರತೆಯಿಲ್ಲ.

ಮುಳ್ಳನ ತಲೆಯಲ್ಲಿ ಒಂದು ಕೀಟಲೆ ಮೊಳೆಯಿತು. ತಿಗಣೆಯ ತಲೆ ಎಷ್ಟು ಸಣ್ಣದು, ಅದರೊಳಗೆ ಎಷ್ಟು ದೊಡ್ಡ ಕೀಟಲೆ ನೋಡಿ!

"ಏಯ್, ಎಲ್ಲರೂ ಇಲ್ಲಿ ಕೇಳ್ರೋ," ಎಂದು ಪಿಸುಗುಟ್ಟಿದ. "ಇವನ್ನ ಹೀಗೇ ಬಿಟ್ಟು ನಾವು ಹೂವಿನ ಎಲೆಗೆ ಹೋಗೋಣ."

ತಂಗಿ ಚಿಮ್ಮಿ ಹಿಂಜರಿದಳು. "ಅಮ್ಮಂಗೆ ಗೊತ್ತಾದ್ರೆ?"

"ಹೇಗೆ ಗೊತ್ತಾಗುತ್ತೆ? ಅಮ್ಮ ಹಿಂದಕ್ಕೆ ತಿರುಗೋದುಂಟಾ? ಕಾಲು ಚಾಚಿ ತಟ್ತಾಳೆ. ಮುಳ್ಳುಮುಳ್ಳಾಗಿ ಏನೋ ಸಿಗುತ್ತೆ. ಸುಮ್ಮನಾಗ್ತಾಳೆ."

"ತೊಟ್ಟಲ್ಲಿ ಅಮ್ಮ ನಿಂತಿದ್ದಾಳಲ್ಲ, ದಾಟೋದು ಹೇಗೆ?"

"ತೊಟ್ಟು ಯಾಕೆ ಬೇಕು? ಗಾಳಿ ಬಂದಾಗ ನಮ್ಮ ಎಲೆಯ ತುದಿ ಹೂವಿನ ಎಲೆಗೆ ತಾಗುತ್ತೆ. ಹಿತ್ತಿಲ ಬಾಗಿಲು ಕಣೇ ಪೆದ್ದಿ!"

ಗಾಳಿ ಬಂತು, ಎಲೆಗೆ ಎಲೆ ತಾಗಿತು. ಒಬ್ಬೊಬ್ಬರಾಗಿ ಮೂವತ್ತೆಂಟು ಜನ ದಾಟಿದರು. ಚಿಮ್ಮಿ ಎರಡು ಸಲ ಹಿಂದೆ ನೋಡಿ ಮೂವತ್ತೊಂಬತ್ತನೆಯವಳಾಗಿ ದಾಟಿದಳು. ಕೊನೆಗೆ ಮುಳ್ಳ.

ಹೂವಿನ ಎಲೆ ಎಂದರೆ ಏನು ಎಲೆ ಅದು! ಚುಚ್ಚುವ ಮೊದಲೇ ರಸ ಚಿಮ್ಮುತ್ತಿತ್ತು. ನಲವತ್ತು ಮೂತಿಗಳೂ ಒಟ್ಟಿಗೆ ಇಳಿದವು. ಸಂಜೆ ಕೆಳಗಿನಿಂದ ಅಮ್ಮನ ಮಾತು ತೇಲಿ ಬಂತು: "ಮುಳ್ಳ, ಇವತ್ತು ಎಷ್ಟು ಜಾಣ ಆಗಿದ್ದೀಯಪ್ಪ! ಒಂದು ಸಲವೂ ಗಲಾಟೆ ಮಾಡಲಿಲ್ಲ."

ಅಮ್ಮ ಪೊರೆಯನ್ನು ತಟ್ಟುತ್ತಿದ್ದಾಳೆ! ನಕ್ಕು ನಕ್ಕು ಇಬ್ಬರು ಎಲೆಯಿಂದ ಜಾರಿ, ಒಂದೇ ಕಾಲಿನಲ್ಲಿ ನೇತಾಡಿದರು.

"ಮಕ್ಕಳೇ," ಎಂದಳು ಬದನಕ್ಕ ಮೆಲ್ಲಗೆ, "ಬೇರೆ ಯಾವ ಎಲೆಯಾದರೂ ಕುಡೀರಿ. ಇದೊಂದು ಬೇಡ. ನನ್ನ ಹೂವಿಗೆ ಇದೊಂದೇ ಆಸರೆ."

"ಅಯ್ಯೋ, ಇದೊಂದೇ ಆಸರೆ!" ಎಂದ ಮುಳ್ಳ ಅವಳ ಧ್ವನಿಯಲ್ಲೇ. ಎಲ್ಲರೂ ಮತ್ತೆ ನಕ್ಕರು. ಚಿಮ್ಮಿ ಮಾತ್ರ ನಗಲಿಲ್ಲ, ಆದರೆ ಕುಡಿಯುವುದನ್ನೂ ನಿಲ್ಲಿಸಲಿಲ್ಲ. ರುಚಿ ಅಂಥದ್ದು.

ಮರುದಿನ ಬೆಳಗ್ಗೆ ಕೆಳಗಿನಿಂದ ಅಮ್ಮನ ಕೂಗಾಟ ಕೇಳಿದಾಗ, "ಪೊರೆಗಳಿಗೇ ಬೈತಿದ್ದಾಳೆ ಕಣ್ರೋ!" ಎಂದು ಮುಳ್ಳ ಎಲ್ಲರನ್ನೂ ನಗಿಸಿದ. ಮಧ್ಯಾಹ್ನ ರಸ ಸ್ವಲ್ಪ ತೆಳ್ಳಗಾಯಿತು. ಇಳಿಹೊತ್ತಿಗೆ ಎಷ್ಟು ಚುಚ್ಚಿದರೂ ಹನಿ ಬರಲಿಲ್ಲ. ಎಲೆಯ ಅಂಚು ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಂಡಿತು.

"ಮುಳ್ಳಣ್ಣ, ಇದು ಕರಕರ ಅಂತಿದೆ," ಎಂದಳು ಚಿಮ್ಮಿ.

"ನಿನ್ನ ಹಲ್ಲು ಕಣೇ," ಎಂದ ಮುಳ್ಳ.

"ನಮಗೆ ಹಲ್ಲೆಲ್ಲಿದೆ?"

ಅಷ್ಟರಲ್ಲಿ ಕಾಡಿನ ಕಡೆಯಿಂದ ಒಂದು ಗಾಳಿ ಬೀಸಿತು. ಒಣಗಿದ ತೊಟ್ಟು ಪಟ್ಟೆಂದು ಮುರಿಯಿತು. ಎಲೆ ಗಿರಗಿರ ತಿರುಗುತ್ತ ಹೋಗಿ ಹೊಂಡದ ನೀರಿನ ಮೇಲೆ ಬಿತ್ತು. ಅದರ ಹಿಂದೆಯೇ ನೇರಳೆ ಬಣ್ಣದ ಒಂದು ಹೂವೂ ಉದುರಿ ಬಿತ್ತು.

ಎಲೆಯ ಅಡಿ ನೀರಿಗೆ ತಾಗಿತ್ತು. ಒಬ್ಬರ ಹಿಂಗಾಲನ್ನು ಇನ್ನೊಬ್ಬರು ಹಿಡಿದು, ಉಸಿರು ಕಟ್ಟಿ, ಅಂಚು ಹತ್ತಿ ನಲವತ್ತೂ ಜನ ಮೇಲೆ ಬಂದರು. ಬಂದವರು ಬಂದಲ್ಲೇ ನಿಂತರು.

ಎಲೆಯ ಮೇಲ್ಮೈ ಬೂದಿ ಬಳಿದಂತೆ ಬೆಳ್ಳಗಿತ್ತು. ಹಸಿರಿನ ಒಂದು ಚುಕ್ಕೆಯೂ ಇಲ್ಲ.

"ಇದು ಯಾರ ಎಲೆ?" ಎಂದ ಒಬ್ಬ ತಮ್ಮ.

"ನಮ್ಮದೇ," ಎಂದಳು ಚಿಮ್ಮಿ.

ಮುಳ್ಳ ಆ ಬಿಳುಪನ್ನು ಮುಂಗಾಲಿನಿಂದ ಕೆರೆದು ನೋಡಿದ. ಅದು ಹೋಗಲಿಲ್ಲ. ಹುಟ್ಟಿದಂದಿನಿಂದ ಅವನು ಕೂತ ಒಂದೊಂದು ಎಲೆಯೂ ಕಣ್ಣ ಮುಂದೆ ಬಂತು. ಅವೆಲ್ಲವೂ ಮೇಲ್ಗಡೆ ಹೀಗೇ ಬೆಳ್ಳಗಾಗುತ್ತಿದ್ದವೇ? ಬದನಕ್ಕ ನಿಜವನ್ನೇ ಹೇಳುತ್ತಿದ್ದಳೇ?

"ಯಾರ್ರೋ ಅದು, ಬಿಳಿ ದೋಣಿ ತಂದವರು?" ಎಂದು ಒಂದು ಗೊಗ್ಗರು ಧ್ವನಿ ಕೇಳಿತು. ಬಂಡೆಯ ಮೇಲೆ ಕಪ್ಪೆಮಾವ ಕೂತಿದ್ದ. ಮಕ್ಕಳೆಲ್ಲ ಒಂದೇ ಮುದ್ದೆಯಾದರು.

"ಹೆದರಬೇಡಿ. ನಲವತ್ತು ಜನವನ್ನೂ ನುಂಗಿದ್ರೂ ನನ್ನ ನಾಲಗೆ ಒದ್ದೆಯಾಗಲ್ಲ. ಬದನಕ್ಕನ ಮನೆಯವರಲ್ವೇ ನೀವು? ದಿನಾ ಇಲ್ಲಿಂದ ಅವಳ ನೆತ್ತಿ ನೋಡ್ತೀನಿ. ಪಾಪ, ಅಲ್ಲಲ್ಲಿ ನರೆತು ಹೋಗಿದೆ." ಕಪ್ಪೆಮಾವ ಕಣ್ಣು ಕಿರಿದು ಮಾಡಿದ. "ಅಲ್ಲ, ನೀವು ನಲವತ್ತೂ ಜನ ಇಲ್ಲಿದ್ದೀರಲ್ಲ. ಮತ್ತೆ ನಿಮ್ಮಮ್ಮ ನಿನ್ನೆಯಿಂದ ಅಲ್ಲಿ ಯಾರನ್ನ ಕಾಯ್ತಿದ್ದಾಳೆ?"

ಮುಳ್ಳ ಚಿಮ್ಮಿಯ ಹಿಂದೆ ಸರಿದ.

"ಆ ಕಸಬೆನ್ನ ಬಂದಿತ್ತಲ್ಲಪ್ಪ, ತಿಗಣೆಗಳನ್ನ ಹೀರಿ ಅವುಗಳ ಪೊರೇನ ಬೆನ್ನ ಮೇಲೆ ಹೇರಿಕೊಂಡು ತಿರುಗೋ ಹುಳ. ಬೆಳಗಿನಿಂದ ತೊಟ್ಟಿನ ಮೇಲೆ ಅದಕ್ಕೂ ನಿಮ್ಮಮ್ಮನಿಗೂ ಯುದ್ಧ. ಅವಳ ರೆಕ್ಕೆ ಹರಿದದ್ದು ಇಲ್ಲಿಗೆ ಕಾಣ್ತಿತ್ತು. 'ನನ್ನ ಮಕ್ಕಳ ತಂಟೆಗೆ ಬಂದ್ಯಾ' ಅಂತ ಕಿರುಚಾಡಿದ್ದು ಮಾತ್ರ ಹೊಂಡಕ್ಕೆಲ್ಲ ಕೇಳಿಸ್ತು. ಆಮೇಲೆ ಏನಾಯ್ತೋ, ನಾನು ನೀರಿಗಿಳಿದೆ."

ಮುಳ್ಳ ದಡದ ಕಡೆಯ ಅಂಚಿಗೆ ಓಡಿದ. ಅಮ್ಮನಿಗೆ ಓಡಿಹೋಗಲು ರೆಕ್ಕೆಯಿತ್ತು. ಅವಳು ಓಡಲಿಲ್ಲ. ಖಾಲಿ ಪೊರೆಗಳನ್ನು ಬಿಟ್ಟು ಓಡಲಿಲ್ಲ.

"ಕಪ್ಪೆಮಾವ, ನಿನ್ನ ಕಾಲಿಗೆ ಬೀಳ್ತೀನಿ. ನಮ್ಮನ್ನ ಆ ದಡಕ್ಕೆ ಸೇರಿಸು!"

"ನನಗೆ ಗೊತ್ತಿರೋದು ಕುಪ್ಪಳಿಸೋದೊಂದೇ ಕಣೋ."

"ಅಷ್ಟೇ ಸಾಕು. ನಮ್ಮ ಹಿಂದೆ ಬಂದು ಕುಪ್ಪಳಿಸು!"

ಕಪ್ಪೆಮಾವ ಎಲೆಯ ಹಿಂದಿನ ಬಂಡೆಗೆ ಹೋಗಿ ಧುಮುಕಿದ. ಅಲೆ ಎದ್ದು ಎಲೆ ಒಂದು ಮಾರು ಮುಂದೆ ಸರಿಯಿತು. ಮತ್ತೆ ಹತ್ತಿದ, ಮತ್ತೆ ಧುಮುಕಿದ. ಒಂಬತ್ತನೆಯ ಧುಮುಕಿಗೆ ಎಲೆ ದಡದ ಕೆಸರಿಗೆ ತಾಗಿತು. ಕಪ್ಪೆಮಾವನಿಗೆ ಏದುಸಿರು. "ಈ ವಯಸ್ಸಲ್ಲಿ ಇಷ್ಟು ಆಟ ಆಡಿಸಿದೆಯಲ್ಲೋ!"

"ನಿನ್ನ ಉಪಕಾರ ಮರೆಯಲ್ಲ ಮಾವ," ಎಂದ ಮುಳ್ಳ. ಹುಟ್ಟಿದಾಗಿನಿಂದ ಅವನು ಅಣಕಿಸದೆ ಆಡಿದ ಮೊದಲ ಮಾತು ಅದೇ ಇರಬೇಕು.

ತಮ್ಮ ತಂಗಿಯರನ್ನು ಚಿಮ್ಮಿಗೆ ಒಪ್ಪಿಸಿ ಅವನು ಬದನಕ್ಕನ ಕಾಂಡ ಹತ್ತಿದ. ಹತ್ತುವಾಗ ಒಂದೇ ಅಳುಕು. ಇವಳು ಮೈಯನ್ನು ಒಮ್ಮೆ ಕೊಡವಿದರೆ ಸಾಕು, ನಾನು ಮತ್ತೆ ಹೊಂಡದಲ್ಲಿ!

"ಬಲಕ್ಕೆ ಬಾ ಮುಳ್ಳ," ಎಂದಳು ಬದನಕ್ಕ. "ಎಡಕ್ಕೆ ಇರುವೆ ಸಾಲಿದೆ. ಅಲ್ಲಿ ಒಂದು ಮುಳ್ಳಿದೆ ನೋಡು, ಅದನ್ನು ಹಿಡಿದುಕೋ."

ಮುಳ್ಳ ಅದನ್ನು ಹಿಡಿದುಕೊಂಡ. "ಬದನಕ್ಕ, ನಿನ್ನ ಹೂವು..."

"ಬಿತ್ತು. ನೋಡಿದೆ."

"ನಾನು ನಿನ್ನನ್ನು ಅಣಕಿಸಿದೆ."

"ಕೇಳಿಸಿಕೊಂಡೆ. ಚೆನ್ನಾಗೇ ಅಣಕಿಸ್ತೀಯ. ಮೊದಲು ಹತ್ತು, ನಿಮ್ಮಮ್ಮನಿಗೆ ಕಣ್ಣು ಮಂಜಾಗ್ತಿದೆ."

ಮುಳ್ಳ ಬಿದ್ದಂಬೀಳ ಹತ್ತಿ ಕೆಳಗಿನ ಎಲೆಯ ತೊಟ್ಟಿಗೆ ಬಂದ. ಅಲ್ಲಿ ಜಾಲಮ್ಮ ನಿಂತಿದ್ದಳು. ಒಂದು ರೆಕ್ಕೆಯ ಜಾಲರಿ ಅರ್ಧ ಹರಿದು ನೇತಾಡುತ್ತಿತ್ತು. ಕಸಬೆನ್ನ ಸೋತು ಹೊರಟುಹೋಗಿತ್ತು, ಅವಳು ಜಾಗ ಬಿಟ್ಟಿರಲಿಲ್ಲ. ಎರಡು ದಿನದಿಂದ ಒಂದು ಹನಿ ಕುಡಿದಿರಲಿಲ್ಲ. ಹೆಜ್ಜೆಯ ಸದ್ದಿಗೆ ಹರಿದ ರೆಕ್ಕೆಯನ್ನೇ ಬಡಿದು ಮುಂದಕ್ಕೆ ನುಗ್ಗಿದಳು.

"ಯಾರದು? ಒಂದು ಹೆಜ್ಜೆ ಮುಂದಿಟ್ಟರೆ ನೋಡು!"

"ನಾನಮ್ಮ. ಮುಳ್ಳ."

"ಸುಳ್ಳು. ಮುಳ್ಳ ನನ್ನ ಬೆನ್ನ ಹಿಂದೆ ಇದ್ದಾನೆ." ಅವಳು ಹಿಂಗಾಲು ಚಾಚಿ ಪೊರೆಯನ್ನು ತಟ್ಟಿದಳು. "ಹೆದರಬೇಡ ಮಗ. ನಾನಿದ್ದೀನಿ."

"ಅಮ್ಮ, ಅಲ್ಲಿರೋದು ನಾನಲ್ಲ. ಬರೀ ಪೊರೆ. ಒಳಗೆ ಯಾರೂ ಇಲ್ಲ."

"ನನ್ನನ್ನ ಸರಿಸೋಕೆ ಕಥೆ ಕಟ್ಟಬೇಡ. ಕಸಬೆನ್ನ ಕೂಡ ಬೆಳಗ್ಗೆ ಇಂಥದ್ದೇ ಏನೋ ಹೇಳಿತು."

ಮುಳ್ಳ ಯೋಚಿಸಿದ. ದಿನಾ ಸುಳ್ಳು ಹೇಳಿದವನ ಬಾಯಲ್ಲಿ ನಿಜ ಬಂದರೆ ಅದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

"ಅಮ್ಮ," ಎಂದ ಕೊನೆಗೆ, "ಒಂದು ಮಾತು ಕೇಳ್ತೀನಿ. ನಿನ್ನ ಮುಳ್ಳ ಯಾವತ್ತಾದ್ರೂ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತದ್ದುಂಟಾ?"

ಜಾಲಮ್ಮನ ರೆಕ್ಕೆ ನಿಂತಿತು. ಅವಳು ಮತ್ತೆ ಹಿಂಗಾಲು ಚಾಚಿದಳು, ಈ ಸಲ ಸ್ವಲ್ಪ ಜೋರಾಗಿ ತಟ್ಟಿದಳು. ಪೊರೆ ನವಿರಿನಿಂದ ಕಳಚಿ, ತೂಕವಿಲ್ಲದೆ, ಗಾಳಿಯಲ್ಲಿ ತೇಲಿಹೋಯಿತು.

ಜಾಲಮ್ಮ ಮೊದಲ ಬಾರಿಗೆ ತಿರುಗಿ ನೋಡಿದಳು. ಮೂವತ್ತೊಂಬತ್ತು ಖಾಲಿ ಪೊರೆಗಳು. ಅಷ್ಟು ಹೊತ್ತಿಗೆ ಚಿಮ್ಮಿ ಉಳಿದವರನ್ನು ಕರೆದುಕೊಂಡು ತೊಟ್ಟಿನ ಬುಡಕ್ಕೆ ಬಂದಿದ್ದಳು. ಒದೆ ಬೀಳುತ್ತದೆ ಎಂದು ಎಲ್ಲರೂ ತಲೆ ಬಗ್ಗಿಸಿ ನಿಂತರು.

"ನಲವತ್ತೂ ಇದ್ದೀರಾ?" ಎಂದಳು ಜಾಲಮ್ಮ.

"ಇದ್ದೀವಮ್ಮ."

ಅವಳು ಒಬ್ಬೊಬ್ಬರನ್ನೇ ಮೀಸೆಯಿಂದ ಮುಟ್ಟಿ ಒಳಗೆ ಬಿಟ್ಟುಕೊಂಡಳು. ಮುಳ್ಳನನ್ನು ಮುಟ್ಟಿದಾಗ ಮೀಸೆ ಕೊಂಚ ಹೊತ್ತು ಅಲ್ಲೇ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಮುಳ್ಳ ಏನಾದರೂ ಹೇಳಿ ನಗಿಸಿ ತಪ್ಪಿಸಿಕೊಳ್ಳುತ್ತಿದ್ದ. ಬೈಯದೇ ಇದ್ದದ್ದರಿಂದ ಅಳುವುದೊಂದೇ ಉಳಿಯಿತು, ಅತ್ತ.

ಅತ್ತು ಮುಗಿಸಿ ಅವನು ಎಲೆಯ ಅಂಚು ಹತ್ತಿ ಮೇಲ್ಗಡೆ ಹೋದ. ತಮ್ಮ ತಂಗಿಯರನ್ನೂ ಕರೆದ. ಅಲ್ಲಿ ಅರ್ಧ ಬಿಳುಪು, ಅರ್ಧ ಹಸಿರು.

"ಬದನಕ್ಕ," ಎಂದ ಮುಳ್ಳ ತನ್ನದೇ ಧ್ವನಿಯಲ್ಲಿ, "ನಮ್ಮನ್ನು ಸಾಕಿದ್ದು ಅಮ್ಮ ಅಂತ ಗೊತ್ತಿತ್ತು. ನೀನೂ ಅಂತ ಗೊತ್ತಿರಲಿಲ್ಲ. ನಿನ್ನ ಮಗುವಿನ ತಟ್ಟೆ ಕಸಿದವನಿಗೆ ನೀನು ದಾರಿ ತೋರಿಸಿದೆ. ಅಮ್ಮ ಎರಡು ದಿನದಿಂದ ಉಪವಾಸ ಇದ್ದಾಳೆ. ಅವಳು ಎಷ್ಟು ಕುಡಿಯಬಹುದು, ನೀನೇ ಹೇಳು."

ಬದನಕ್ಕನ ಎಲೆಗಳೆಲ್ಲ ಒಮ್ಮೆ ಮೆಲ್ಲಗೆ ಅಲುಗಿದವು.

"ನನ್ನನ್ನು ಎಷ್ಟೋ ಬಾಯಿಗಳು ಕುಡಿದಿವೆ ಮುಳ್ಳ," ಎಂದಳು. "ಕೇಳಿ ಕುಡಿದವರು ಯಾರೂ ಇರಲಿಲ್ಲ. ಈ ಎಲೆ ಹೇಗೂ ವಾರದಲ್ಲಿ ಉದುರುವ ಎಲೆ, ಪೂರ್ತಿ ನಿಮ್ಮದು. ಇದರ ಕೆಳಗಿನದೂ ನಿಮ್ಮದು. ರೆಕ್ಕೆ ಬರುವವರೆಗೆ ಅಷ್ಟು ಸಾಕು. ಮೇಲೆ ಇನ್ನೊಂದು ಮೊಗ್ಗಿದೆ, ಅದರ ಕಡೆ ಮಾತ್ರ ಬರಬೇಡಿ."

"ನಾವೂ ಬರಲ್ಲ. ಬರುವವರನ್ನೂ ಬಿಡಲ್ಲ."

ಮಕ್ಕಳು ಅಮ್ಮನನ್ನು ನಡುವೆ ಕೂರಿಸಿಕೊಂಡರು. "ಮೊದಲು ನೀನು ಕುಡಿ," ಎಂದ ಮುಳ್ಳ. ಜಾಲಮ್ಮ ಮೂತಿ ಇಳಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಗುಟುಕು ಎಳೆದಳು. ಅವಳು ಇನ್ನೊಂದು ಗುಟುಕು ಎಳೆಯುವವರೆಗೂ ನಲವತ್ತು ಮಕ್ಕಳಲ್ಲಿ ಒಬ್ಬರೂ ಎಲೆಗೆ ಬಾಯಿ ಹಚ್ಚಲಿಲ್ಲ.

ನೀತಿ: ಉಣಿಸಿದವರನ್ನೂ ಕಾಯ್ದವರನ್ನೂ ಉಣ್ಣುವಾಗಲೇ ನೆನೆಯಬೇಕು, ಉದುರಿದ ಮೇಲೆ ನೆನೆದರೆ ಎಲೆ ಮತ್ತೆ ಗಿಡಕ್ಕೆ ಅಂಟದು.